ಲೈಸೆನ್ಸ್ ಬೇಡದ ವಾಕಿ-ಟಾಕಿ: ಯಾವ ಸೆಟ್ ಕೊಳ್ಳಬಹುದು, ಮಾತು ಎಷ್ಟು ದೂರ ಹೋಗುತ್ತದೆ

ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟ ಅಂದುಕೊಳ್ಳಿ. ಬೋರ್‌ವೆಲ್ಲು, ಸ್ಟಾರ್ಟರ್ ಡಬ್ಬಿ ಎರಡೂ ರಸ್ತೆ ಪಕ್ಕದಲ್ಲಿವೆ. ಡ್ರಿಪ್ಪಿನ ಗೇಟ್‌ವಾಲ್ವ್‌ಗಳು ತೋಟದ ಆ ತುದಿಗಿವೆ. ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ. ವಾಲ್ವ್ ತಿರುಗಿಸುವ ಮೊದಲೇ ಮೋಟಾರ್ ಹಾಕಿದರೆ ಎಲ್ಲೋ ಒಂದು ಕಡೆ ಪೈಪು ಕಿತ್ತುಕೊಳ್ಳುತ್ತದೆ. ತೋಟದ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಣ್ಣ ತಮ್ಮ ಇಬ್ಬರ ಕೈಯಲ್ಲೂ ಒಂದೊಂದು ವಾಕಿ-ಟಾಕಿ ಇದ್ದರೆ ಕೆಲಸ ಹೀಗೆ ನಡೆಯುತ್ತದೆ:

"ಅಣ್ಣಾ, ಎರಡನೇ ವಾಲ್ವ್ ತಿರುಗ್ಸಿದೀನಿ. ಮೋಟ್ರು ಹಾಕು. ಓವರ್."

"ಹಾಕ್ದೆ ನೋಡು. ನೀರು ಬಂತಾ? ಓವರ್."

"ಬಂತು ಬಂತು. ಫಿಲ್ಟರ್ ಹತ್ರ ಸೋರ್ತಿದೆ, ಒಂದ್ನಿಮಿಷ ಆಫ್ ಮಾಡು."

ಇದಕ್ಕೆ ಸಿಮ್ ಬೇಡ, ರೀಚಾರ್ಜ್ ಬೇಡ, ಟವರ್ ಬೇಡ. ಒಂದು ಸೆಟ್ಟಿನಿಂದ ಹೊರಟ ಅಲೆ ನೇರವಾಗಿ ಇನ್ನೊಂದು ಸೆಟ್ಟನ್ನು ಮುಟ್ಟುತ್ತದೆ. ಸರಿಯಾದ ಸೆಟ್ ಕೊಂಡರೆ ಸರ್ಕಾರದ ಲೈಸೆನ್ಸ್ ಕೂಡ ಬೇಡ. ವಾಕಿ-ಟಾಕಿ ಅಂದರೆ ಪೊಲೀಸರದ್ದು, ಸಾಮಾನ್ಯ ಜನ ಮುಟ್ಟುವ ಹಾಗಿಲ್ಲ ಅಂತ ನಮ್ಮಲ್ಲಿ ಇನ್ನೂ ಬಹಳ ಜನ ನಂಬಿದ್ದಾರೆ. ಇನ್ನು ಕೆಲವರು ಆನ್‌ಲೈನಿನಲ್ಲಿ ಕಂಡದ್ದನ್ನೆಲ್ಲ ತರಿಸಿಕೊಂಡು ಧೈರ್ಯವಾಗಿ ಬಳಸುತ್ತಾರೆ. ಎರಡೂ ತಪ್ಪೇ. ನಡುವೆ ಒಂದು ದಾರಿ ಇದೆ, ಅದು ಸಾಕಷ್ಟು ಸ್ಪಷ್ಟವಾಗಿಯೂ ಇದೆ.

ವಿನಾಯಿತಿ ಸಿಕ್ಕಿರುವುದು ಸೆಟ್ಟಿಗೆ

ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ. 1980ರ ದಶಕದವರೆಗೂ ಸುಮ್ನೆ ಹಾಡು, ವಾರ್ತೆ ಕೇಳುವ ರೇಡಿಯೊಗೂ ಲೈಸೆನ್ಸ್ ಇತ್ತು. ಪೋಸ್ಟಾಫೀಸಿಗೆ ಹೋಗಿ ವರ್ಷವರ್ಷ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ರೇಡಿಯೊ ಉಪಕರಣವನ್ನು ಬಳಸುವುದಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಅದರಲ್ಲೂ ಅನುಮತಿ ಅಥವಾ ವಿನಾಯಿತಿ ಇಲ್ಲದ ರೇಡಿಯೊ ಉಪಕರಣ ಇಟ್ಟುಕೊಂಡವರಿಗೆ ದಂಡ ಇದೆ.

ಈ ಬಿಗಿ ಯಾಕೆ? ಅಲೆಗಳು ಎಲ್ಲರ ತಲೆಯ ಮೇಲೂ ಹೋಗುತ್ತವೆ. ಒಂದೇ ತರಂಗಾಂತರದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದ್ದೂ ಕೆಡುತ್ತದೆ. ಪೊಲೀಸರಿಗೆ ಒಂದು ಪಟ್ಟಿ (ಬ್ಯಾಂಡ್, ಅಂದರೆ ತರಂಗಾಂತರಗಳ ಒಂದು ತುಂಡು), ವಿಮಾನಗಳಿಗೆ ಒಂದು, ರೈಲ್ವೆಗೆ ಒಂದು, ಮೊಬೈಲ್ ಕಂಪನಿಗಳಿಗೆ ಒಂದು ಅಂತ ಸರ್ಕಾರ ಹಂಚಿಕೊಟ್ಟಿದೆ. ನಮ್ಮ ಭಾಗದಲ್ಲಿ ಇದು ಇನ್ನೂ ಮುಖ್ಯ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆಯೇ ಇದೆ.

ಆದರೆ ಕಡಿಮೆ ಶಕ್ತಿಯ ಉಪಕರಣದ ಅಲೆ ಹತ್ತಿರದಲ್ಲೇ ಸತ್ತುಹೋಗುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಅಂಥವಕ್ಕೆ ಒಬ್ಬೊಬ್ಬರಿಗೂ ಲೈಸೆನ್ಸ್ ಕೊಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಕೆಲವು ಪಟ್ಟಿಗಳನ್ನು ಷರತ್ತಿನ ಮೇಲೆ ಎಲ್ಲರಿಗೂ ಬಿಟ್ಟುಕೊಡಲಾಗಿದೆ. ನಿಮ್ಮ ಮನೆಯ ವೈಫೈ, ಕಿವಿಗೆ ಹಾಕುವ ಬ್ಲೂಟೂತ್ ಎಲ್ಲವೂ ಇಂಥ ವಿನಾಯಿತಿಯ ಮೇಲೇ ನಡೆಯುತ್ತಿವೆ. ವಾಕಿ-ಟಾಕಿಗೂ ಹಾಗೆಯೇ ಒಂದು ಜಾಗ ಸಿಕ್ಕಿತು. 2018ರ ನಿಯಮಗಳ ಪ್ರಕಾರ ಆ ಜಾಗ 446.0ರಿಂದ 446.2 ಮೆಗಾಹರ್ಟ್ಸ್.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಈ ವಿನಾಯಿತಿ ಸಿಕ್ಕಿರುವುದು ಸೆಟ್ಟಿಗೆ. ನೀವು ಯಾರು, ರೈತರೋ ವಿದ್ಯಾರ್ಥಿಯೋ ಅಂಗಡಿಯವರೋ ಅಂತ ಯಾರೂ ಕೇಳುವುದಿಲ್ಲ. ಸೆಟ್ ಆ ಪಟ್ಟಿಯೊಳಗೇ ಇರಬೇಕು, ಶಕ್ತಿ ಅರ್ಧ ವಾಟ್ ಮೀರಬಾರದು. ಯುರೋಪಿನಲ್ಲಿ ಈ ಸೇವೆಗೆ ಪಿಎಂಆರ್ 446 ಎಂದು ಹೆಸರು. ಅಲ್ಲಿನ ಸೆಟ್‌ಗಳಲ್ಲಿ ಆಂಟೆನಾ ಬಿಚ್ಚಲು ಬರುವುದಿಲ್ಲ. ಬಿಚ್ಚಲು ಬಂದರೆ ಜನ ಉದ್ದದ್ದೊಂದು ತಂದು ಸಿಕ್ಕಿಸುತ್ತಾರೆ, ಅರ್ಧ ವಾಟಿನ ಲೆಕ್ಕ ಕೆಡುತ್ತದೆ. ಅದಕ್ಕೇ ಹಾಗೆ ಮಾಡಿರುವುದು.

ಇದರ ಜೊತೆಗೆ ಇಟಿಎ ಎಂಬ ಪ್ರಮಾಣಪತ್ರ ಬೇಕು. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಇದನ್ನು ಕೊಡುತ್ತದೆ. ಈ ಮಾದರಿಯ ಸೆಟ್ ವಿನಾಯಿತಿಯ ಪಟ್ಟಿಯೊಳಗೇ ಕೆಲಸ ಮಾಡುತ್ತದೆ, ಶಕ್ತಿ ಮಿತಿಯಲ್ಲಿದೆ ಎನ್ನುವುದಕ್ಕೆ ಅದೇ ದಾಖಲೆ. ಇದನ್ನು ಮಾಡಿಸುವುದು ತಯಾರಕರ ಅಥವಾ ಆಮದು ಮಾಡುವವರ ಕೆಲಸ. ಕೊಳ್ಳುವವರು ಅದು ಇದೆಯೇ ಎಂದು ಕೇಳಿದರೆ ಸಾಕು.

ಕೊಳ್ಳುವಾಗ ಮೋಸ ಹೋಗುವುದು ಎಲ್ಲಿ

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು. ತರಂಗಾಂತರ ಯಾವುದು, ಲೈಸೆನ್ಸ್ ಬೇಕೇ ಬೇಡವೇ, ಇಟಿಎ ಇದೆಯೇ ಎಂಬ ಯಾವ ಮಾಹಿತಿಯೂ ಇಲ್ಲದೆ ವಾಕಿ-ಟಾಕಿ ಮಾರುತ್ತಿದ್ದಾರೆ ಎನ್ನುವುದು ಆಕ್ಷೇಪ. ಅದೇ ತಿಂಗಳು ಇಂಥ ಮಾರಾಟಕ್ಕೆಂದೇ ಮಾರ್ಗಸೂಚಿಯೂ ಬಂತು. ಈಗ ಸೆಟ್ಟಿನ ತರಂಗಾಂತರವನ್ನೂ ಇಟಿಎ ವಿವರವನ್ನೂ ಮಾರಾಟದ ಪುಟದಲ್ಲೇ ತೋರಿಸಬೇಕು. ತೋರಿಸದಿದ್ದರೆ ಆ ಸೆಟ್ ಬಿಟ್ಟು ಮುಂದೆ ಹೋಗಿ. ರಿಯಾಯಿತಿ ಎಷ್ಟೇ ಇರಲಿ.

ಹೆಚ್ಚು ಜನ ಸಿಕ್ಕಿಬೀಳುವುದು ಬಾವೋಫೆಂಗ್ ಯುವಿ-5ಆರ್ ಥರದ ಸೆಟ್‌ಗಳಲ್ಲಿ. ಬೆಲೆ ಕಡಿಮೆ, ನೋಡಲು ಪೊಲೀಸರ ಸೆಟ್ಟಿನ ಹಾಗೇ ಇರುತ್ತದೆ. ಅದು 136ರಿಂದ 174 ಮೆಗಾಹರ್ಟ್ಸ್, ಮತ್ತೆ 400ರಿಂದ 520 ಮೆಗಾಹರ್ಟ್ಸ್ ವರೆಗೆ ಎಲ್ಲಿ ಬೇಕಾದರೂ ಮಾತಾಡಬಲ್ಲದು. 446 ಕೂಡ ಅದರೊಳಗೇ ಬರುತ್ತದಲ್ಲ, ಅಲ್ಲಿಗೆ ಹೊಂದಿಸಿಕೊಂಡರೆ ಆಯಿತು ಅನ್ನುವವರಿದ್ದಾರೆ. ಆಗುವುದಿಲ್ಲ. ಅದರ ಶಕ್ತಿ ಅರ್ಧ ವಾಟಿಗಿಂತ ಬಹಳ ಜಾಸ್ತಿ, ಆಂಟೆನಾ ಬಿಚ್ಚಬಹುದು, ಒಂದು ಗುಂಡಿ ತಪ್ಪಿ ಒತ್ತಿದರೆ ಪೊಲೀಸರ ಅಥವಾ ಆಂಬುಲೆನ್ಸಿನ ಚಾನೆಲ್ಲಿಗೆ ಹೋಗಿ ಕೂರುತ್ತದೆ. ಅದು ಹ್ಯಾಮ್ ಲೈಸೆನ್ಸ್ (ಪರೀಕ್ಷೆ ಬರೆದು ಪಡೆಯುವ ಹವ್ಯಾಸಿ ರೇಡಿಯೊ ಲೈಸೆನ್ಸ್) ಇರುವವರ ಸೆಟ್. ಅವರ ಕೈಯಲ್ಲಿ ಅದು ಒಳ್ಳೆಯ ಸಾಧನ, ಅದರಲ್ಲಿ ಎರಡು ಮಾತಿಲ್ಲ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಪ್ರೀತಿಯಿಂದ ಒಂದು ಜೊತೆ ತಂದುಕೊಡುವುದೂ ಉಂಟು. ಅಲ್ಲಿ ಎಫ್‌ಆರ್‌ಎಸ್ ಎಂಬ ಸೇವೆ ಇದೆ, 1996ರಿಂದ ನಡೆಯುತ್ತಿದೆ, ಲೈಸೆನ್ಸ್ ಬೇಡ. ಡಬ್ಬಿಯ ಮೇಲೂ ಹಾಗೇ ಬರೆದಿರುತ್ತದೆ. ಆದರೆ ಅದು ಓಡುವುದು 462 ಮತ್ತು 467 ಮೆಗಾಹರ್ಟ್ಸ್ ಸುತ್ತ. ಆಸ್ಟ್ರೇಲಿಯಾದ್ದು 477ರ ಹತ್ತಿರ. ನಮ್ಮ ದೇಶದಲ್ಲಿ ಈ ಜಾಗಗಳು ಬೇರೆಯವರ ಪಾಲಿನವು. ಒಂದು ದೇಶದ ವಿನಾಯಿತಿ ವಿಮಾನ ಹತ್ತಿ ಇನ್ನೊಂದು ದೇಶಕ್ಕೆ ಬರುವುದಿಲ್ಲ.

ಇನ್ನೊಂದು ಬಗೆ ಇದೆ. "5000 ಕಿ.ಮೀ. ದೂರ ಮಾತಾಡಿ" ಎಂಬ ಜಾಹೀರಾತಿನ ಜೊತೆ ಬರುವ ಸೆಟ್‌ಗಳು. ಒಳಗೆ 4ಜಿ ಸಿಮ್ ಇರುತ್ತದೆ. ಗುಂಡಿ ಒತ್ತಿ ಮಾತಾಡುವುದು ನಿಜ, ಆದರೆ ಮಾತು ಹೋಗುವುದು ಮೊಬೈಲ್ ಟವರ್ ಮೂಲಕ. ಲಾರಿ ಮಾಲೀಕರಿಗೆ, ಊರೂರಿಗೆ ಶಾಖೆ ಇರುವವರಿಗೆ ಉಪಯೋಗವಾದೀತು. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಇಲ್ಲ ಅಂತ ವಾಕಿ-ಟಾಕಿ ಹುಡುಕುವವರು ಇದನ್ನು ಕೊಂಡರೆ ಹಣ ಹೋದಂತೆಯೇ.

ಅರ್ಧ ವಾಟ್ ಸಾಕೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದು ಸಂಗತಿ ಹೇಳುತ್ತೇನೆ. ಎಸ್‌ಒ-50 ಎಂಬ ಹವ್ಯಾಸಿ ರೇಡಿಯೊ ಉಪಗ್ರಹ 2002ರಿಂದ ಭೂಮಿ ಸುತ್ತುತ್ತಿದೆ. ಅದು 436.795 ಮೆಗಾಹರ್ಟ್ಸ್‌ನಲ್ಲಿ ಕೇವಲ ಕಾಲು ವಾಟ್ ಶಕ್ತಿಯಲ್ಲಿ ಮಾತು ಕಳಿಸುತ್ತದೆ. ಸುಮಾರು 600 ಕಿ.ಮೀ. ಮೇಲಿನಿಂದ ಬರುವ ಆ ಮಾತನ್ನು ಹ್ಯಾಮ್‌ಗಳು ಕೈಯಲ್ಲಿ ಹಿಡಿಯುವ ಸೆಟ್ಟಿಗೆ ಒಂದು ಸಣ್ಣ ದಿಕ್ಕಿನ ಆಂಟೆನಾ ಸಿಕ್ಕಿಸಿ ಕೇಳುತ್ತಾರೆ. ಕಾಲು ವಾಟ್ 600 ಕಿ.ಮೀ. ಬರುತ್ತದೆ ಅಂದಮೇಲೆ ನಮ್ಮ ಅರ್ಧ ವಾಟ್ ದಾವಣಗೆರೆಯ ಎರಡು ಬೀದಿ ದಾಟಲು ಯಾಕೆ ಒದ್ದಾಡುತ್ತದೆ?

ಉಪಗ್ರಹಕ್ಕೂ ಕೇಳುವವರಿಗೂ ನಡುವೆ ಅಡ್ಡ ಏನೂ ಇಲ್ಲ. ನಮಗೆ ಎಲ್ಲವೂ ಅಡ್ಡ. ಈ ಪಟ್ಟಿಯಲ್ಲಿ ಅಲೆಯ ಉದ್ದ ಸುಮಾರು 67 ಸೆಂ.ಮೀ. ಇಷ್ಟು ಗಿಡ್ಡ ಅಲೆ ನೆಲದ ಗುಂಟ ಬಳುಕಿಕೊಂಡು ಗುಡ್ಡದ ಆಚೆಗೆ ಇಳಿಯುವುದಿಲ್ಲ. ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಗೋಡೆ, ಮರ, ಮನುಷ್ಯನ ಮೈ ಎಲ್ಲವೂ ಅದರಿಂದ ಸ್ವಲ್ಪ ಸ್ವಲ್ಪ ಕಿತ್ತುಕೊಳ್ಳುತ್ತವೆ. ಹಸಿ ಎಲೆಯಲ್ಲಿ ನೀರಿರುತ್ತದೆ, ಅದಂತೂ ಚೆನ್ನಾಗಿ ಹೀರುತ್ತದೆ. ಆಳೆತ್ತರ ಬೆಳೆದ ಮೆಕ್ಕೆಜೋಳದ ಹೊಲದ ನಡುವೆ ನಿಂತು ಮಾತಾಡಿದರೆ ಬೇಸಿಗೆಯಲ್ಲಿ ಸಿಕ್ಕಷ್ಟು ದೂರ ಮಳೆಗಾಲದಲ್ಲಿ ಸಿಗುವುದಿಲ್ಲ.

ಬಯಲಾದರೆ? ಭೂಮಿ ದುಂಡಗಿರುವುದರಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ರೇಡಿಯೊ ದಿಗಂತ ಸುಮಾರು 5 ಕಿ.ಮೀ. ದೂರದಲ್ಲಿದೆ. ಇಬ್ಬರದ್ದೂ ಕೂಡಿಸಿದರೆ 10. ಜಾಹೀರಾತಿನ "10 ಕಿ.ಮೀ." ಹೆಚ್ಚುಕಡಿಮೆ ಈ ಲೆಕ್ಕಕ್ಕೆ ಸರಿಹೊಂದುತ್ತದೆ. ಆದರೆ ಅಲೆಗೆ ದಾರದಷ್ಟು ಸಣ್ಣ ದಾರಿ ಸಾಕಾಗುವುದಿಲ್ಲ. ಇಬ್ಬರ ನಡುವೆ ಸೌತೆಕಾಯಿಯ ಹಾಗೆ ಮಧ್ಯದಲ್ಲಿ ಉಬ್ಬಿದ ಜಾಗ ಅದಕ್ಕೆ ಬೇಕು. 5 ಕಿ.ಮೀ. ದೂರದ ಮಾತಿಗೆ ಆ ಉಬ್ಬು ನಟ್ಟನಡುವೆ ಸುಮಾರು 29 ಮೀಟರ್ ಮೇಲಕ್ಕೂ ಅಷ್ಟೇ ಕೆಳಕ್ಕೂ ಇರಬೇಕು. ನಾವು ನೆಲದ ಮೇಲೆ ನಿಂತಿದ್ದೇವೆ, ಕೆಳಗಿನ ಅರ್ಧ ಪೂರಾ ಮಣ್ಣಿನೊಳಗೆ ಹೋಯಿತು. ಅದಕ್ಕೇ ಬಟ್ಟಬಯಲಲ್ಲೂ ಎರಡು ಮೂರು ಕಿ.ಮೀ. ಸಿಕ್ಕರೆ ತೃಪ್ತಿಪಟ್ಟುಕೊಳ್ಳಬೇಕು. ದಾವಣಗೆರೆ ಮಂಡಿಪೇಟೆಯಂಥ ಒತ್ತೊತ್ತಾದ ಕಟ್ಟಡಗಳ ನಡುವೆ ಅರ್ಧದಿಂದ ಒಂದು ಕಿ.ಮೀ. ಅಷ್ಟೇ.

ಹಾಗಾದರೆ ಶಕ್ತಿ ಹೆಚ್ಚಿಸಿದರೆ ಆಗಲ್ವಾ? ಲೆಕ್ಕ ಹಾಕಿ ನೋಡೋಣ. ಅರ್ಧ ವಾಟನ್ನು ಹತ್ತು ಪಟ್ಟು ಮಾಡಿ 5 ವಾಟ್ ಮಾಡಿದಿರಿ. ನೆಲಮಟ್ಟದ ಮಾತಿನಲ್ಲಿ ಶಕ್ತಿ ದೂರದ ನಾಲ್ಕನೇ ಘಾತದಷ್ಟು ಬೇಗ ಇಳಿಯುತ್ತದೆ. ಅಂದರೆ ದೂರ ಎರಡು ಪಟ್ಟಾಗಬೇಕಾದರೆ ಶಕ್ತಿ ಹದಿನಾರು ಪಟ್ಟಾಗಬೇಕು. ಹತ್ತು ಪಟ್ಟು ಶಕ್ತಿಗೆ ಸಿಗುವ ದೂರ 1.8 ಪಟ್ಟು ಮಾತ್ರ. ಒಂದು ಕಿ.ಮೀ. ಇದ್ದದ್ದು ಎರಡೂ ಮುಟ್ಟುವುದಿಲ್ಲ. ಇದಕ್ಕಾಗಿ ಕಾನೂನು ಮುರಿಯುವುದು, ಬ್ಯಾಟರಿ ಬೇಗ ಖಾಲಿ ಮಾಡಿಕೊಳ್ಳುವುದು ಎರಡೂ ದಂಡ.

ಎತ್ತರಕ್ಕೆ ಹೋಗಿ. ಇದನ್ನು ಚಿತ್ರದುರ್ಗದ ಕೋಟೆ ಕಲಿಸುವಷ್ಟು ಚೆನ್ನಾಗಿ ಬೇರೆ ಯಾವ ಜಾಗವೂ ಕಲಿಸುವುದಿಲ್ಲ. ಏಳು ಸುತ್ತಿನ ಕೋಟೆಯನ್ನು ಕಟ್ಟಿದವರಿಗೆ ಎತ್ತರದ ಬೆಲೆ ಗೊತ್ತಿತ್ತು, ಕಾವಲಿಗೆ ಬತೇರಿಗಳನ್ನು ನಿಲ್ಲಿಸಿದ್ದು ಅದಕ್ಕೇ. ತುಪ್ಪದ ಕೊಳದ ಬತೇರಿ ಮೇಲೆ ಒಬ್ಬರು ನಿಂತರೆ ಕೆಳಗಿನ ಊರು ಪೂರಾ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳುವ ಕಡೆಗೆ ಅರ್ಧ ವಾಟಿನ ಮಾತೂ ಸಲೀಸಾಗಿ ಹೋಗುತ್ತದೆ. ಸುತ್ತಲ ನೆಲಕ್ಕಿಂತ 100 ಮೀಟರ್ ಮೇಲೆ ನಿಂತರೆ ರೇಡಿಯೊ ದಿಗಂತ 5 ಕಿ.ಮೀ. ಬದಲು 40 ಕಿ.ಮೀ.ಗೂ ಆಚೆಗೆ ಸರಿಯುತ್ತದೆ. ಅದೇ ಮನುಷ್ಯ ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂಡೆಗಳ ಸಂದಿಗೆ ಇಳಿದರೆ ಇನ್ನೂರು ಮೀಟರ್ ಆಚೆ ಇರುವವರಿಗೂ ಮಾತು ಮುಟ್ಟದೆ ಹೋಗಬಹುದು. ಸೆಟ್ ಅದೇ, ಬ್ಯಾಟರಿ ಅದೇ. ನಡುವೆ ಕಲ್ಲು ಬಂತು, ಅಷ್ಟೇ. ಆ ದಪ್ಪದ ಗ್ರಾನೈಟಿನ ಆಚೆಗೆ ಅಲೆ ದಾಟುವುದಿಲ್ಲ.

ಹಾಗಾಗಿ ಶಾಲೆ ಮಕ್ಕಳನ್ನು ಗುಂಪು ಗುಂಪಾಗಿ ಕೋಟೆ ಹತ್ತಿಸುವ ಮೇಷ್ಟ್ರಿಗೆ ನನ್ನದೊಂದು ಸಲಹೆ. ಮೂರು ಸೆಟ್ ಇಟ್ಟುಕೊಳ್ಳಿ. ಒಂದು ಮುಂದಿನ ಗುಂಪಿಗೆ, ಒಂದು ಹಿಂದಿನ ಗುಂಪಿಗೆ. ಮೂರನೆಯದು ಎತ್ತರದಲ್ಲಿ ಕೂತ ಒಬ್ಬರ ಕೈಯಲ್ಲಿರಲಿ. ಅವರ ಕೆಲಸ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸುದ್ದಿ ದಾಟಿಸುವುದು. ಐದು ವಾಟಿನ ಸೆಟ್ಟಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಹದಿನಾರು ಚಾನೆಲ್, ಎಲ್ಲರಿಗೂ ಸೇರಿ

ಪಿಎಂಆರ್ 446 ಪಟ್ಟಿಯಲ್ಲಿ 16 ಚಾನೆಲ್‌ಗಳಿವೆ. ಮೊದಲನೆಯದು 446.00625, ಕೊನೆಯದು 446.19375 ಮೆಗಾಹರ್ಟ್ಸ್. ಒಂದಕ್ಕೂ ಇನ್ನೊಂದಕ್ಕೂ ಅಂತರ 12.5 ಕಿಲೋಹರ್ಟ್ಸ್. ಹಳೆಯ ಸೆಟ್‌ಗಳಲ್ಲಿ ಎಂಟೇ ಇರುತ್ತವೆ, ಅವು ಹೊಸದರ ಮೊದಲ ಎಂಟರ ಜೊತೆ ಹೊಂದುತ್ತವೆ. ಕಂಪನಿ ಬೇರೆ ಬೇರೆಯಾದರೂ ಚಾನೆಲ್ ನಂಬರ್ ಒಂದೇ ಆದರೆ ಮಾತಾಡಬಹುದು. ಡಿಜಿಟಲ್ ಸೆಟ್‌ಗಳೂ ಇವೆ. ಅವು ಸಾಮಾನ್ಯ ಸೆಟ್‌ಗಳ ಜೊತೆ ಡಿಜಿಟಲ್ಲಿನಲ್ಲಿ ಮಾತಾಡುವುದಿಲ್ಲ, ಕೊಳ್ಳುವ ಮೊದಲು ನೋಡಿಕೊಳ್ಳಿ.

ಯಾವ ಚಾನೆಲ್ಲೂ ಯಾರ ಸ್ವಂತದ್ದೂ ಅಲ್ಲ. ನಾಯಕನಹಟ್ಟಿ ತೇರಿನಂಥ ಜಾತ್ರೆಯಲ್ಲಿ ಪ್ರಸಾದದ ಪಂಡಾಲಿನವರು ಮೂರನೇ ಚಾನೆಲ್ಲಿನಲ್ಲಿ ಅನ್ನ ಮುಗಿಯಿತು ಅಂತ ಹೇಳುತ್ತಿರುವಾಗ ಪಾರ್ಕಿಂಗ್ ನೋಡುವ ಹುಡುಗರೂ ಅದೇ ಚಾನೆಲ್ಲಿಗೆ ಬರಬಹುದು. ಆಗ ಸೆಟ್ಟಿನ "ಪ್ರೈವಸಿ ಕೋಡ್" ನೆನಪಾಗುತ್ತದೆ. ಹೆಸರು ಕೇಳಿ ಗುಟ್ಟು ಕಾಯುತ್ತದೆ ಅಂದುಕೊಳ್ಳಬೇಡಿ. ಅದು ಮಾಡುವುದು ಇಷ್ಟು: ನಿಮ್ಮ ಮಾತಿನ ಕೆಳಗೆ ಕಿವಿಗೆ ಬೀಳದಷ್ಟು ಮೆಲ್ಲಗೆ ಒಂದು ಸ್ವರ ಸೇರಿಸುತ್ತದೆ. ಅದು 67 ಹರ್ಟ್ಸ್ ಇರಬಹುದು, 250 ಇರಬಹುದು. ಅದೇ ಸ್ವರ ಬಂದಾಗ ಮಾತ್ರ ನಿಮ್ಮ ಗುಂಪಿನ ಸೆಟ್ ಸ್ಪೀಕರ್ ತೆರೆಯುತ್ತದೆ. ಬೇರೆಯವರ ಮಾತು ನಿಮಗೆ ಕೇಳುವುದಿಲ್ಲ. ಆದರೆ ಕೋಡ್ ಹಾಕದ ಸೆಟ್ ಹಿಡಿದವರಿಗೆ ನಿಮ್ಮದು ಪೂರ್ತಿ ಕೇಳುತ್ತದೆ. ಹುಂಡಿ ಹಣ ಎಲ್ಲಿದೆ, ಒಡವೆ ಯಾರ ಕೈಯಲ್ಲಿದೆ, ಒಟಿಪಿ ಎಷ್ಟು ಎನ್ನುವ ಮಾತು ಇದರಲ್ಲಿ ಬೇಡವೇ ಬೇಡ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಕೋಡ್ ಹಾಕಿದಾಗ ಚಾನೆಲ್ ಖಾಲಿ ಇರುವ ಹಾಗೆ ಅನಿಸುತ್ತದೆ, ನಿಜವಾಗಿ ಯಾರೋ ಮಾತಾಡುತ್ತಿರುತ್ತಾರೆ. ನೀವು ಗುಂಡಿ ಒತ್ತಿದರೆ ಅವರ ಮಾತಿನ ಮೇಲೆ ಬೀಳುತ್ತೀರಿ. ಈ ಸೆಟ್‌ಗಳು ಮಾತು ಕಳಿಸುವ ಎಫ್‌ಎಂ ವಿಧಾನದಲ್ಲಿ ಜೋರಾಗಿ ಬಂದ ಸಿಗ್ನಲ್ ಇನ್ನೊಂದನ್ನು ಅಳಿಸಿಹಾಕುತ್ತದೆ, ಅವರಿಗೆ ತಮ್ಮ ಮಾತು ಮುಟ್ಟಲಿಲ್ಲ ಅಂತಲೂ ತಿಳಿಯುವುದಿಲ್ಲ. ಬಹಳಷ್ಟು ಸೆಟ್‌ಗಳಲ್ಲಿ ಮಾನಿಟರ್ ಗುಂಡಿ ಇರುತ್ತದೆ. ಮಾತಾಡುವ ಮೊದಲು ಒಂದು ಕ್ಷಣ ಅದನ್ನು ಒತ್ತಿ ಕೇಳುವುದು ಒಳ್ಳೆಯ ನಡವಳಿಕೆ.

ಬಳಸುವ ರೀತಿಯಲ್ಲಿ ಹೆಚ್ಚು ಜನ ಎಡವುವುದು ಒಂದೇ ಕಡೆ. ಗುಂಡಿ ಒತ್ತುತ್ತಲೇ ಮಾತು ಶುರು ಮಾಡುತ್ತಾರೆ. ಕಳಿಸುವ ಸೆಟ್ ಎದ್ದು, ಕೇಳುವ ಸೆಟ್ ಸ್ವರ ಗುರುತಿಸಿ ತೆರೆಯಲು ಅರ್ಧ ಸೆಕೆಂಡಾದರೂ ಬೇಕು. "ಆಮೇಲೆ ಹಾಕು" ಅಂದದ್ದರಲ್ಲಿ ಮೊದಲ ಪದ ನುಂಗಿಹೋದರೆ ಮೋಟಾರಿನ ಹತ್ತಿರ ಇರುವವನು ಏನು ಮಾಡಿಯಾನು ಯೋಚಿಸಿ. ಒತ್ತಿ, ಉಸಿರು ಎಳೆದುಕೊಂಡು, ಆಮೇಲೆ ಮಾತಾಡಿ. ಮುಗಿದ ಮೇಲೆ "ಓವರ್" ಅನ್ನಿ, ಯಾಕೆಂದರೆ ಒಮ್ಮೆಗೆ ಒಬ್ಬರದ್ದೇ ಸರದಿ. ಸೆಟ್ಟನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಒಬ್ಬರು ನೆಟ್ಟಗೆ, ಇನ್ನೊಬ್ಬರು ಅಡ್ಡ ಹಿಡಿದರೆ ಸಿಗ್ನಲ್ ಗಣನೀಯವಾಗಿ ಕುಗ್ಗುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮೈ ಅಡ್ಡ ಬರುತ್ತದೆ. ಮಾತು ಕಡಿಯುತ್ತಿದ್ದರೆ ಮುಖದ ಮಟ್ಟಕ್ಕೆ ಎತ್ತಿ, ಎರಡು ಹೆಜ್ಜೆ ಆಚೀಚೆ ಸರಿದು ನೋಡಿ. ಅಷ್ಟರಲ್ಲೇ ಸರಿಹೋಗುವುದು ಬಹಳ ಸಲ.

ಹಳೆಯ ಇನ್ನೊಂದು ಪಟ್ಟಿ

446ಕ್ಕಿಂತ ಮೊದಲೇ ನಮ್ಮಲ್ಲಿ ಜನರಿಗೆ ಬಿಟ್ಟ ಪಟ್ಟಿಯೊಂದಿದೆ. ಸಿಟಿಜನ್ ಬ್ಯಾಂಡ್, 26.957ರಿಂದ 27.283 ಮೆಗಾಹರ್ಟ್ಸ್. ಇದರಲ್ಲಿ 5 ವಾಟ್ ವರೆಗೂ ವಿನಾಯಿತಿ ಇದೆ. 1970ರ ದಶಕದಲ್ಲಿ ಅಮೆರಿಕದ ಲಾರಿ ಚಾಲಕರು ಹೆದ್ದಾರಿಯುದ್ದಕ್ಕೂ ಮಾತಾಡಿಕೊಂಡದ್ದು ಇದೇ ಬ್ಯಾಂಡಿನಲ್ಲಿ. ಕೇಳಲು ಆಸೆಯಾಗುತ್ತದೆ. ತೊಡಕು ಏನೆಂದರೆ ಇಲ್ಲಿ ಅಲೆಯ ಉದ್ದ 11 ಮೀಟರ್. ಅದಕ್ಕೆ ತಕ್ಕ ಕಾಲು ಅಲೆಯ ಆಂಟೆನಾ ಎರಡೂಮುಕ್ಕಾಲು ಮೀಟರ್ ಬೇಕು. ಕೈಯಲ್ಲಿ ಹಿಡಿಯುವ ಸೆಟ್ಟಿನೊಳಗೆ ಅದನ್ನು ಸುತ್ತಿ ತುಂಬಿದರೆ ಶಕ್ತಿಯ ಬಹುಪಾಲು ಹೊರಗೆ ಬರುವುದೇ ಇಲ್ಲ. 446ರಲ್ಲಿ ಕಾಲು ಅಲೆ 17 ಸೆಂ.ಮೀ., ಗಿಡ್ಡ ಆಂಟೆನಾದಲ್ಲೂ ಕೆಲಸ ಚೆನ್ನಾಗಿ ಆಗುತ್ತದೆ. ತೋಟಕ್ಕೆ, ಕೋಟೆಗೆ, ಜಾತ್ರೆಗೆ 446ನ್ನೇ ನಾನು ಹೇಳುವುದು.

ಅರ್ಧ ವಾಟ್ ಏನು ಮಾಡಿದರೂ ಸಾಲದು ಅನ್ನುವವರೂ ಇರುತ್ತಾರೆ. ದೊಡ್ಡ ಕಾರ್ಖಾನೆ, ಗಣಿ, ಸೆಕ್ಯುರಿಟಿ ಕೆಲಸದವರು ದೂರಸಂಪರ್ಕ ಇಲಾಖೆಗೆ ಅರ್ಜಿ ಹಾಕಿ ತಮ್ಮದೇ ತರಂಗಾಂತರಕ್ಕೆ ಲೈಸೆನ್ಸ್ ತೆಗೆದುಕೊಳ್ಳಬೇಕು. ರೇಡಿಯೊ ಮೇಲೇ ಪ್ರೀತಿ ಹುಟ್ಟಿದವರಿಗೆ ಹ್ಯಾಮ್ ಪರೀಕ್ಷೆ ಇದೆ. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಸ್ವಲ್ಪ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳು ಗೊತ್ತಿದ್ದರೆ ಆಯಿತು, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಸಂಕೇತವೂ ಬರಬೇಕು. ಪಾಸಾದರೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಹೆಸರು ಸಿಗುತ್ತದೆ. 144ರಿಂದ 146 ಮೆಗಾಹರ್ಟ್ಸ್ ಮುಂತಾದ ಪಟ್ಟಿಗಳು ತೆರೆಯುತ್ತವೆ, ಎಸ್‌ಒ-50 ಮೂಲಕ ಮಾತಾಡುವುದಕ್ಕೂ ದಾರಿಯಾಗುತ್ತದೆ. ವ್ಯಾಪಾರದ ಮಾತಿಗೆ ಮಾತ್ರ ಹ್ಯಾಮ್ ಬಳಸುವಂತಿಲ್ಲ. ಅಡಿಕೆ ರೇಟು ಕೇಳಲು ಫೋನೇ ಬೇಕು.